ಕಾರಿನ ಮ್ಯಾಟ್ ಜಾರದ ಹಾಗೆ ಹಿಡಿದಿಡುವುದು ಹೇಗೆ? ನಮ್ಮೂರ ಮಳೆಗೆ ಆಗುವಂಥದ್ದು ಬೇಕು

ಕಟಪಾಡಿ ಸೀಟ್‌ಕವರ್

ಎಲ್ಲರಿಗೂ ನಮಸ್ಕಾರ. ಕಟಪಾಡಿಯಲ್ಲಿ ನನ್ನದೊಂದು ಸಣ್ಣ ಸೀಟ್‌ಕವರ್ ಅಂಗಡಿ ಉಂಟು. ಹದಿನಾಲ್ಕು ವರ್ಷದಿಂದ ಸೀಟು ಹೊಲಿಯುತ್ತೇನೆ, ಮ್ಯಾಟ್ ಕತ್ತರಿಸಿ ಹಾಕಿಕೊಡುತ್ತೇನೆ. ಕಳೆದ ವಾರ ಆದದ್ದನ್ನು ಹೇಳಿದರೆ ನೀವು ಬೈಯಬಹುದು. ಬೈಯಿರಿ, ತಪ್ಪು ನನ್ನದೇ.

ಒಬ್ಬರು ಟೀಚರ್ ತಮ್ಮ ಹಳೇ ಕಾರಿಗೆ ನನ್ನಲ್ಲಿ ನೂಡಲ್ ಮ್ಯಾಟ್, ಅಂದರೆ ಪಿವಿಸಿ ಎಳೆಗಳ ಮ್ಯಾಟ್, ಹಾಕಿಸಿಕೊಂಡಿದ್ದರು. ರೋಲಿನಿಂದ ಕತ್ತರಿಸಿ, ಅಂಚು ಹೊಲಿದು ಕೊಟ್ಟದ್ದು. ನೋಡಲು ಚಂದ ಇತ್ತು. ಮೊದಲ ಜೋರು ಮಳೆಯ ದಿನ ಉಡುಪಿಯ ಕಲ್ಸಂಕ ಸರ್ಕಲ್ಲಿನಲ್ಲಿ ಅವರಿಗೆ ಕ್ಲಚ್ ಪೂರ್ತಿ ಒತ್ತಲು ಆಗಲಿಲ್ಲ. ಮ್ಯಾಟ್ ಮುಂದಕ್ಕೆ ಸರಿದು ಕ್ಲಚ್ಚಿನ ಹಿಂದೆ ಮಡಿಚಿ ಕೂತಿತ್ತು. ಗೇರ್ ಕಿರುಚಿತು, ಗಾಡಿ ಆಫ್. ಹಿಂದೆ ಬಸ್ಸಿನವರ ಹಾರ್ನ್ ಹೇಗಿರುತ್ತದೆ ಅಂತ ಈ ಊರಿನವರಿಗೆ ಹೇಳಬೇಕಾಗಿಲ್ಲ.

ಅವರು ಅಂಗಡಿಗೆ ಬಂದು ಜೋರು ಮಾಡಲಿಲ್ಲ. "ಪುಣ್ಯಕ್ಕೆ ಕ್ಲಚ್ಚು ಮಾರಾಯ್ರೆ. ಬ್ರೇಕ್ ಆಗಿದ್ದರೆ?" ಎಂದರು ಅಷ್ಟೇ. ಅದಕ್ಕಿಂತ ಬೈದಿದ್ದರೇ ಒಳ್ಳೆದಿತ್ತು.

ಈಚಿನ ಗಾಡಿಗಳಲ್ಲಿ ಡ್ರೈವರ್ ಸೀಟಿನ ಮುಂದೆ ನೆಲದಲ್ಲೇ ಕಂಪನಿಯ ಹುಕ್ಕು ಬರುತ್ತದೆ. ನನ್ನ ಗಿರಾಕಿಗಳಲ್ಲಿ ತುಂಬ ಜನರದ್ದು ಹಳೇ ಗಾಡಿ. ಅದರಲ್ಲಿ ಎಂತದೂ ಇಲ್ಲ. ಇಷ್ಟು ದಿನ ಅಡಿಯಲ್ಲಿ ಮುಳ್ಳಿರುವ ಮ್ಯಾಟ್ ಕೊಟ್ಟು ನಾನು ಸುಮ್ಮನಿದ್ದೆ. ಈಗ ನನ್ನದೇ ಒಂದು ಕೊಂಡಿ ಮಾಡಬೇಕು ಅಂತ ಹೊರಟಿದ್ದೇನೆ. ಗಾಡಿಯ ನೆಲಕ್ಕೆ ತೂತು ಕೊರೆಯಬಾರದು. ತೆಗೆದು ತೊಳೆಯಲು ಸಸಾರ ಆಗಬೇಕು. ಜಾರಲೇಬಾರದು. ಗೊತ್ತಿದ್ದವರು ಹೇಳಿ.

ಪಂಪ್‌ವೆಲ್ ಪಯಣಿಗ

ಒಂದು ಮ್ಯಾಟಿಗೆ ಇಷ್ಟು ತಲೆಬಿಸಿಯಾ ಅಣ್ಣ? ನಮ್ಮ ಅಪ್ಪ ಅಂಬಾಸಿಡರ್‌ನಲ್ಲಿ ಗೋಣಿಚೀಲ ಹಾಸುತ್ತಿದ್ದರು. ಶಿರಾಡಿ ಘಾಟಿ ಹತ್ತಿ ಇಳಿದು ಎಷ್ಟು ಸಲ ಬೆಂಗಳೂರಿಗೆ ಹೋಗಿ ಬಂದಿಲ್ಲ.

ಬೈಕಂಪಾಡಿ ರಬ್ಬರ್

ಪಯಣಿಗರೇ, ಅಪ್ಪನ ಅದೃಷ್ಟ ಚೆನ್ನಾಗಿತ್ತು ಅಂತ ಇಟ್ಟುಕೊಳ್ಳಿ. ನಾನು ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಓದಿ, ಈಗ ರಬ್ಬರ್ ಪಾರ್ಟ್ ಮಾಡುವ ಕಡೆ ಕೆಲಸ ಮಾಡುವವನು. ನಮ್ಮಲ್ಲಿ ಹೊಸ ಹುಡುಗರಿಗೆ ಮೊದಲ ದಿನ ಹೇಳುವುದೇ ಮ್ಯಾಟಿನ ಕಥೆ.

2009ರ ಆಗಸ್ಟ್. ಅಮೆರಿಕದ ಸ್ಯಾನ್ ಡಿಯಾಗೊ ಹತ್ತಿರ ಒಂದು ಲೆಕ್ಸಸ್ ಕಾರು ಹೆದ್ದಾರಿಯಲ್ಲಿ ನಿಲ್ಲಿಸಲಾಗದೆ ಓಡಿತು. ಒಳಗಿದ್ದ ನಾಲ್ಕು ಜನರೂ ತೀರಿಕೊಂಡರು. ಓಡಿಸುತ್ತಿದ್ದವರು ಹೆದ್ದಾರಿ ಪೊಲೀಸ್ ಅಧಿಕಾರಿ, ಅಂದರೆ ಡ್ರೈವಿಂಗ್ ಗೊತ್ತಿಲ್ಲದವರಲ್ಲ. ತಮ್ಮ ಕಾರು ಸರ್ವಿಸಿಗೆ ಬಿಟ್ಟು, ಬದಲಿಗೆ ಶೋರೂಮಿನವರು ಕೊಟ್ಟ ಗಾಡಿಯಲ್ಲಿ ಹೊರಟಿದ್ದರು. ಅದರಲ್ಲಿ ಇದ್ದದ್ದು ಬೇರೆ ಮಾಡೆಲಿನ ದಪ್ಪ ರಬ್ಬರ್ ಮ್ಯಾಟ್. ಕೊಂಡಿಗೂ ಹಾಕಿರಲಿಲ್ಲ. ಎಕ್ಸಲರೇಟರ್ ಪೆಡಲ್ ಮ್ಯಾಟಿಗೆ ಸಿಕ್ಕಿಕೊಂಡು ಮೇಲೆ ಬರಲೇ ಇಲ್ಲ. ಬೇಜಾರಿನ ಸಂಗತಿ ಎಂದರೆ, ಕೆಲವೇ ದಿನ ಮೊದಲು ಅದೇ ಕಾರು ತಗೊಂಡು ಹೋಗಿದ್ದ ಇನ್ನೊಬ್ಬರಿಗೆ ಹಾಗೇ ಆಗಿತ್ತು. ಅವರು ಹೇಗೋ ಬಿಡಿಸಿಕೊಂಡು, ವಾಪಸ್ ಕೊಡುವಾಗ ಕೌಂಟರಿನಲ್ಲಿ ಹೇಳಿಯೂ ಇದ್ದರು.

ಲೆಕ್ಸಸ್ ಮಾಡುವ ಟೊಯೊಟಾ ಕಂಪನಿ ಆ ವರ್ಷವೇ ಅಮೆರಿಕದಲ್ಲಿ ಮೊದಲಿಗೆ ಸುಮಾರು 38 ಲಕ್ಷ ಗಾಡಿಗಳವರಿಗೆ ಡ್ರೈವರ್ ಬದಿಯ ಮ್ಯಾಟ್ ತೆಗೆದುಬಿಡಿ ಅಂತ ಹೇಳಬೇಕಾಯಿತು. ಆಮೇಲೆ ಪೆಡಲಿನ ಕೆಳ ತುದಿ ಕತ್ತರಿಸಿ ಗಿಡ್ಡ ಮಾಡಿದರು, ಕೆಲವು ಮಾಡೆಲಿನಲ್ಲಿ ಪೆಡಲಿನ ಕೆಳಗಿನ ನೆಲದ ಆಕಾರವನ್ನೂ ಬದಲಿಸಿದರು. ಬ್ರೇಕ್ ಒತ್ತಿದರೆ ಎಕ್ಸಲರೇಟರಿನ ಮಾತು ಇಂಜಿನ್ ಕೇಳದ ಹಾಗೆಯೂ ಮಾಡಿದರು. ಎಲೆಕ್ಟ್ರಾನಿಕ್ಸ್ ತಪ್ಪಿರಬಹುದು ಅಂತ ಅಮೆರಿಕದ ಸರ್ಕಾರ ನಾಸಾದವರಿಂದ ಪರೀಕ್ಷೆ ಮಾಡಿಸಿತು. 2011ರಲ್ಲಿ ವರದಿ ಬಂತು. ಅಂಥ ತಪ್ಪು ಅವರಿಗೆ ಸಿಗಲಿಲ್ಲ. ಮತ್ತೆ ಮ್ಯಾಟು, ಅಂಟಿಕೊಳ್ಳುವ ಪೆಡಲು, ಇವುಗಳ ಕಡೆಗೇ ಬಂದು ನಿಂತಿತು.

ಗೋಣಿಚೀಲ ಇನ್ನೂ ಉಂಟಾ?

ಪಂಪ್‌ವೆಲ್ ಪಯಣಿಗ

ಇಲ್ಲ ಸಾರ್. ಈಗಲೇ ಕೆಳಗೆ ಹೋಗಿ ನನ್ನ ಕಾರಿನ ಮ್ಯಾಟ್ ನೋಡಿ ಬಂದೆ. ಕಂಪನಿ ಮ್ಯಾಟಿನ ಮೇಲೆ ಇನ್ನೊಂದು ರಬ್ಬರ್ ಮ್ಯಾಟ್ ಹಾಕಿದ್ದೆ. ಅಡಿಯದ್ದಕ್ಕೆ ಹುಕ್ಕು ಉಂಟು, ಮೇಲಿನದು ಜಾರುಬಂಡಿ. ತೆಗೆದೆ.

ಬೈಕಂಪಾಡಿ ರಬ್ಬರ್

ಒಳ್ಳೆದಾಯ್ತು. ಈಗ ಕಟಪಾಡಿ ಅಣ್ಣನ ಪ್ರಶ್ನೆಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಮ್ಯಾಟ್ ಯಾಕೆ ಯಾವಾಗಲೂ ಮುಂದಕ್ಕೇ ಹೋಗುತ್ತದೆ? ಹತ್ತುವಾಗ ಹಿಮ್ಮಡಿ ಮುಂದಕ್ಕೆ ತಳ್ಳುತ್ತದೆ. ಕ್ಲಚ್ ಒತ್ತುವಾಗಲೂ ತಳ್ಳುತ್ತದೆ. ಬ್ರೇಕ್ ಹಾಕಿದರೆ ಮ್ಯಾಟಿನ ಸ್ವಂತ ಭಾರವೂ ಮುಂದಕ್ಕೆ. ಹಿಂದಕ್ಕೆ ಎಳೆಯುವವರು ಯಾರೂ ಇಲ್ಲ.

ಆದ್ದರಿಂದ ಕೊಂಡಿ ಇರಬೇಕಾದದ್ದು ಹಿಂದಿನ ಅಂಚಿನಲ್ಲಿ, ಸೀಟಿನ ಹತ್ತಿರ. ಹಗ್ಗವನ್ನು ಎಳೆದರೆ ಬಿಗಿಯಾಗುತ್ತದೆ, ತಳ್ಳಿದರೆ ಬಾಗುತ್ತದೆ ಅಲ್ವಾ? ಮ್ಯಾಟೂ ಹಾಗೇ. ಹಿಂದೆ ಕಟ್ಟಿದರೆ ಕಾಲು ತಳ್ಳಿದಷ್ಟೂ ಅದು ಚಪ್ಪಟೆಯಾಗಿ ಬಿಗಿಯುತ್ತದೆ. ಮುಂದೆ, ಪೆಡಲಿನ ಹತ್ತಿರ ಕಟ್ಟಿದರೆ ಹಿಂದಿನಿಂದ ಬಂದ ಮ್ಯಾಟ್ ಅಲ್ಲಿ ಗುಡ್ಡೆಯಾಗಿ ಏಳುತ್ತದೆ. ನೇರ ಪೆಡಲಿನ ಅಡಿಗೆ.

ಒಂದು ಕೊಂಡಿ ಸಾಲದು. ಒಂದೇ ಮೊಳೆಗೆ ನೇತುಹಾಕಿದ ಫೋಟೋ ಓರೆಯಾಗುವ ಹಾಗೆ ಮ್ಯಾಟ್ ತಿರುಗುತ್ತದೆ. ತಿರುಗಿದರೆ ಒಂದು ಮೂಲೆ ಎಕ್ಸಲರೇಟರಿಗೆ ಬಡಿಯುತ್ತದೆ. ಎರಡು ಬೇಕು, ಆದಷ್ಟು ದೂರ ದೂರ. ಮ್ಯಾಟಿಗೆ ತೂತು ಮಾಡುವಾಗ ಒಂದನ್ನು ಗುಂಡಗೆ ಮಾಡಿ. ಇನ್ನೊಂದನ್ನು ಅಡ್ಡಕ್ಕೆ ಚೂರು ಉದ್ದ ಮಾಡಿ, ಅಂದರೆ ಒಂದು ಕೊಂಡಿಯಿಂದ ಇನ್ನೊಂದು ಕೊಂಡಿಯ ದಿಕ್ಕಿಗೆ. ಪಿವಿಸಿ ಬಿಸಿಲಿಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಎರಡೂ ತೂತು ಗುಂಡಗಿದ್ದರೆ ಮೂರು ತಿಂಗಳ ಮೇಲೆ ಒಂದು ಕೂರುವುದೇ ಇಲ್ಲ. ಆಗ ಜನ ಒಂದಕ್ಕೆ ಮಾತ್ರ ಹಾಕಿ ಬಿಡುತ್ತಾರೆ.

ಮುಳ್ಳಿನ ವಿಷಯ. ಕಾರ್ಪೆಟ್ ಹೊಸದಿದ್ದು ಒಣಗಿದ್ದರೆ ಮುಳ್ಳು ಕಚ್ಚುತ್ತದೆ. ಕಾರ್ಪೆಟಿನ ಕೂದಲು ಚಪ್ಪಟೆಯಾದ ಮೇಲೆ, ನೀರು ಕುಡಿದ ಮೇಲೆ, ಅದು ಬರೀ ಸಮಾಧಾನಕ್ಕೆ. ಓಮ್ನಿಯಂಥ ಗಾಡಿಯಲ್ಲಿ ನೆಲಕ್ಕೆ ರೆಕ್ಸಿನ್ ಹಾಸಿದ್ದರೆ ಮುಳ್ಳಿಗೆ ಹಿಡಿಯಲು ಎಂತದೂ ಸಿಗುವುದಿಲ್ಲ.

ಬ್ರಹ್ಮಾವರದ ಅಕ್ಕ

ನಡುವೆ ಬಾಯಿ ಹಾಕುತ್ತೇನೆ. ಈಗ ಎಲ್ಲರೂ ಸೆವೆನ್ ಡಿ ಮ್ಯಾಟ್ ಅಂತಾರಲ್ಲ, ಬಾಗಿಲಿಂದ ಬಾಗಿಲಿಗೆ ತುಂಬಿ ಕೂರುವಂಥದ್ದು. ಅದು ಜಾರುವುದಿಲ್ಲ, ಎಲ್ಲಿಗೂ ಹೋಗಲು ಜಾಗವೇ ಇಲ್ಲ ಅಂತ ಹೇಳಿ ನನಗೊಬ್ಬರು ಹಾಕಿಕೊಟ್ಟರು. ನಿಜ, ಜಾರಲಿಲ್ಲ. ಆದರೆ ಒಂದು ಮಳೆಗಾಲ ಕಳೆದು ನವರಾತ್ರಿಗೆ ಕಾರು ತೊಳೆಯುವಾಗ ಎತ್ತಿ ನೋಡಿದರೆ ಅಡಿಯಲ್ಲಿ ಬೂಸ್ಟು. ಒದ್ದೆ ಕೊಡೆ, ಒದ್ದೆ ಚಪ್ಪಲಿ, ಮಲ್ಪೆಯಿಂದ ತಂದ ಬಂಗುಡೆಯ ನೀರು, ಎಲ್ಲ ಅಂಚಿನಿಂದ ಇಳಿದು ಕಾರ್ಪೆಟಿನ ಕೆಳಗಿನ ಸ್ಪಂಜಿಗೆ ಸೇರಿತ್ತು. ವಾಸನೆ ಕೇಳಬೇಡಿ. ಸೀಟಿನ ಬೋಲ್ಟ್ ಸುತ್ತ ತುಕ್ಕು ಶುರುವಾಗಿತ್ತು.

ಇನ್ನೊಂದು ಗೊತ್ತಾಯ್ತು. ಆ ಮ್ಯಾಟ್ ಚಪ್ಪಟೆ ಕೂರಲಿ ಅಂತ ಕಂಪನಿಯ ಹುಕ್ಕನ್ನೇ ಕತ್ತರಿಸಿ ಬಿಸಾಡಿದ್ದರು. ಈಗ ಹಳೇ ಮ್ಯಾಟ್ ವಾಪಸ್ ಹಾಕಿದರೆ ಹಿಡಿಯಲು ಜಾಗ ಇಲ್ಲ.

ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಮ್ಯಾಟನ್ನು ದಿನಾ ಎತ್ತಿ ಒಣಗಿಸಬೇಕು. ಎತ್ತಲು ಕಷ್ಟ ಆಗುವ ಮ್ಯಾಟ್ ನಮಗೆ ಬೇಡ. ಎತ್ತಲು ಸುಲಭ ಆದದ್ದು ಜಾರುತ್ತದೆ. ಇದೇ ಗೋಳು.

ಕಟಪಾಡಿ ಸೀಟ್‌ಕವರ್

ಅಕ್ಕ, ಸರಿಯಾಗಿ ಹೇಳಿದಿರಿ. ಹುಕ್ಕು ಕತ್ತರಿಸುವ ಕೆಲಸ ನಾನೂ ಎರಡು ಸಲ ಮಾಡಿದ್ದೇನೆ, ಗಿರಾಕಿ ಹೇಳಿದರು ಅಂತ. ಇನ್ನು ಮಾಡುವುದಿಲ್ಲ.

ನಿನ್ನೆ ವೆಲ್ಕ್ರೋ ಹಾಕಿ ನೋಡಿದೆ. ಅಗಲದ ಪಟ್ಟಿ, ಮ್ಯಾಟಿನ ಅಡಿಗೆ ಹೊಲಿದದ್ದು. ಒಣ ಇರುವಾಗ ಎಷ್ಟು ಎಳೆದರೂ ಅಲ್ಲಾಡಲಿಲ್ಲ. ಆಮೇಲೆ ಅಂಗಡಿ ಹಿಂದಿನ ಕೆಂಪು ಮಣ್ಣನ್ನು ಬಾಲ್ದಿಯಲ್ಲಿ ಕಲಸಿ ಹೊಯ್ದೆ. ಒಣಗಿಸಿ, ಕೊಡವಿ, ಪುನಃ ಹಾಕಿದೆ. ಮೂರನೇ ಸಲಕ್ಕೆ ಅರ್ಧ ಹಿಡಿತ ಹೋಯಿತು.

ಬೈಕಂಪಾಡಿ ರಬ್ಬರ್

ಹೋಗಲೇಬೇಕು. ಜಾರ್ಜ್ ಡಿ ಮೆಸ್ಟ್ರಾಲ್ ಅಂತ ಒಬ್ಬ ಸ್ವಿಸ್ ಇಂಜಿನಿಯರ್ ನಾಯಿ ಕರೆದುಕೊಂಡು ಕಾಡು ಸುತ್ತಿ ಬಂದಾಗ ಬಟ್ಟೆಗೂ ನಾಯಿಗೂ ಅಂಟಿದ ಮುಳ್ಳುಕಾಯಿ ನೋಡಿ ಮಾಡಿದ್ದು ಅದು. ಹುಲ್ಲಿನ ಮುಳ್ಳು ನಮ್ಮ ಲುಂಗಿಗೆ ಅಂಟುವುದಿಲ್ಲವಾ, ಅದೇ ಲೆಕ್ಕ. ಸಣ್ಣ ಕೊಕ್ಕೆ, ಸಣ್ಣ ಕುಣಿಕೆ. ಕೊಕ್ಕೆಯ ಮಧ್ಯೆ ಮಣ್ಣು, ಕೂದಲು, ಮೀನಿನ ಪೊರೆ ತುಂಬಿದರೆ ಕುಣಿಕೆ ಹೋಗುವುದೆಲ್ಲಿಗೆ?

ಅದರ ಒಂದು ಗುಣ ಮಾತ್ರ ನೆನಪಿಡಿ. ಅಡ್ಡಕ್ಕೆ ಎಳೆದರೆ ಗಟ್ಟಿ, ಮೂಲೆಯಿಂದ ಸುಲಿದರೆ ಸಸಾರ. ಮ್ಯಾಟಿಗೆ ಬೇಕಾದ ಗುಣ ಅದೇ. ಕಾಲು ತಳ್ಳಿದರೆ ಬರಬಾರದು, ಕೈ ಎತ್ತಿದರೆ ಬರಬೇಕು. ಬೇರೆ ದಾರಿಯಲ್ಲಿ ಅದನ್ನು ತರಬೇಕು.

ವಾಟರ್ ಸರ್ವಿಸ್ ಹುಡುಗ

ನಾನು ಮಂಗಳೂರು ಕೊಟ್ಟಾರದ ಹತ್ತಿರ ಗಾಡಿ ತೊಳೆಯುವ ಕಡೆ ಇದ್ದೇನೆ. ಒಂದು ನಿಜ ಹೇಳಲಾ? ನಾವು ದಿನಕ್ಕೆ ಇಪ್ಪತ್ತು ಗಾಡಿ ತೊಳೆಯುತ್ತೇವೆ. ಮ್ಯಾಟ್ ಒಗೆದು, ಒಳಗೆ ಹಾಕಿ, ಬಾಗಿಲು ಹಾಕುತ್ತೇವೆ. ಹುಕ್ಕಿಗೆ ಹಾಕುವುದು ಹತ್ತರಲ್ಲಿ ಎರಡಕ್ಕೋ ಮೂರಕ್ಕೋ.

ಸೋಮಾರಿತನ ಮಾತ್ರ ಅಲ್ಲ ಅಣ್ಣ. ಹುಕ್ಕು ಕಪ್ಪು, ಕಾರ್ಪೆಟ್ ಕಪ್ಪು, ಮ್ಯಾಟೂ ಕಪ್ಪು. ಸೀಟಿನ ಅಡಿ ಕತ್ತಲೆ. ಒಂದು ಕಂಪನಿಯದ್ದು ತಿರುಗಿಸಬೇಕು, ಇನ್ನೊಂದರದ್ದು ಒತ್ತಬೇಕು, ಮತ್ತೊಂದರದ್ದು ಹಿಂದಿನಿಂದ ಸಿಕ್ಕಿಸಬೇಕು. ತಿರುಗಿಸುವುದರಲ್ಲಿ ಯಾವ ಕಡೆಗೆ ತಿರುಗಿದರೆ ಲಾಕ್ ಅಂತ ಗೊತ್ತಾಗುವುದಿಲ್ಲ. ಓನರ್‌ಗಳೂ ನೋಡುವುದಿಲ್ಲ. ಡ್ಯಾಶ್‌ಬೋರ್ಡ್ ಹೊಳೆಯುತ್ತದಾ ಅಂತ ಮಾತ್ರ ನೋಡುತ್ತಾರೆ.

ಬೈಕಂಪಾಡಿ ರಬ್ಬರ್

ತಮ್ಮ, ಇಷ್ಟು ಹೊತ್ತು ನಾನು ಬರೆದದ್ದಕ್ಕಿಂತ ನಿನ್ನ ಮಾತು ಮುಖ್ಯ. ನಾವು ಹಿಡಿತ ಎಷ್ಟು ಗಟ್ಟಿ ಅಂತ ನೋಡುತ್ತಾ ಕೂತಿದ್ದೇವೆ. ಹಾಕದೇ ಬಿಟ್ಟ ಕೊಂಡಿ ಎಷ್ಟು ಗಟ್ಟಿ ಇದ್ದರೇನು? ಆ ಲೆಕ್ಸಸ್ಸಿನಲ್ಲೂ ನೆಲದಲ್ಲಿ ಕೊಂಡಿ ಇತ್ತಲ್ಲ, ಮ್ಯಾಟಿಗೆ ಸಿಕ್ಕಿರಲಿಲ್ಲ ಅಷ್ಟೇ.

ಕಟಪಾಡಿ ಅಣ್ಣ, ನಿಮ್ಮ ಲೆಕ್ಕ ಬದಲಿಸಿ. ಮಳೆಗಾಲದಲ್ಲಿ ವಾರಕ್ಕೆ ಮೂರು ಸಲ ತೆಗೆದು ಹಾಕುವ ಕೊಂಡಿ ಇದು. ಕತ್ತಲಲ್ಲಿ, ಒದ್ದೆ ಕೈಯಲ್ಲಿ, ಗೊತ್ತಿಲ್ಲದವರೂ ಹಾಕುವಂತಿರಬೇಕು. ಹಾಕಿದರೆ ಸದ್ದು ಬರಬೇಕು. ಹಾಕದಿದ್ದರೆ ಕಣ್ಣಿಗೆ ಕಾಣಬೇಕು.

ಕಟಪಾಡಿ ಸೀಟ್‌ಕವರ್

ಎರಡು ದಿನ ಅಂಗಡಿಯಲ್ಲಿ ಬೇರೆ ಕೆಲಸ ಮಾಡಲಿಲ್ಲ. ಹೀಗೆ ಮಾಡಿದೆ.

ನೆಲಕ್ಕೆ ತೂತು ಬೇಡ ಅಂದೆನಲ್ಲ. ಸೀಟಿನ ಮುಂದಿನ ಕಾಲಿಗೆ ಬ್ಯಾಗಿನ ನೈಲಾನ್ ಪಟ್ಟಿ ಸುತ್ತಿ, ತುದಿಗೆ ಶಾಲೆ ಬ್ಯಾಗಿನ ಕ್ಲಿಪ್ ಹಾಕಿದೆ. ಒತ್ತಿದರೆ ಟಕ್ ಅನ್ನುತ್ತದಲ್ಲ, ಅದು. ಇನ್ನರ್ಧ ಕ್ಲಿಪ್ ಮ್ಯಾಟಿನ ಹಿಂದಿನ ಅಂಚಿಗೆ. ಎಡಕ್ಕೊಂದು, ಬಲಕ್ಕೊಂದು.

ಮೊದಲನೇದು ನಗೆಪಾಟಲಾಯಿತು. ಪಟ್ಟಿಯನ್ನು ಸುತ್ತಿದ್ದು ಸೀಟಿನ ಜೊತೆ ಸರಿಯುವ ಕಂಬಿಗೆ. ಟೀಚರ್ ಸೀಟನ್ನು ಮುಂದೆ ಎಳೆದುಕೊಂಡರೆ ಮ್ಯಾಟೂ ಮೆರವಣಿಗೆ ಹೊರಟಿತು! ಆಮೇಲೆ ನೆಲಕ್ಕೆ ಬೋಲ್ಟ್ ಆಗಿರುವ ಕೆಳಗಿನ ಭಾಗಕ್ಕೆ ಸುತ್ತಿದೆ. ಸರಿಯಾಯಿತು.

ಮ್ಯಾಟಿನ ಅಂಚಿಗೆ ಟಾರ್ಪಾಲಿನ ರಿಂಗ್ ಹೊಡೆದಿದ್ದೆ. ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದರೆ ರಿಂಗ್ ಕಿತ್ತು ಕೈಗೆ ಬಂತು. ನೂಡಲ್ ಮ್ಯಾಟಿನಲ್ಲಿ ಬರೀ ನೂಲಿನ ಹಾಗೆ ಎಳೆಗಳು, ರಿಂಗಿಗೆ ಹಿಡಿಯಲು ಮೈ ಇಲ್ಲ.

ಮಲ್ಪೆ ಬಲೆ

ಟಾರ್ಪಾಲ್ ಯಾವಾಗಲೂ ರಿಂಗಿನ ಹತ್ತಿರವೇ ಹರಿಯುವುದು ಅಂತ ಮಳೆಗಾಲದಲ್ಲಿ ಅಂಗಳಕ್ಕೆ ಕಟ್ಟಿದವರಿಗೆಲ್ಲ ಗೊತ್ತು. ಅಂಚು ಎರಡು ಮಡಿಕೆ ಮಾಡಿ, ಒಳಗೆ ಪಟ್ಟಿ ಕೊಟ್ಟು ಹೊಲಿಯಿರಿ. ರಿಂಗಿನ ಬದಲು ಪಟ್ಟಿಯನ್ನೇ ಅಂಚಿನುದ್ದಕ್ಕೂ ಹೊಲಿದರೆ ಭಾರ ಹಂಚಿಹೋಗುತ್ತದೆ. ಕಬ್ಬಿಣದ ರಿಂಗ್ ಹಾಕಲೇಬೇಡಿ. ಉಪ್ಪುಗಾಳಿಗೆ ಒಂದು ಮಳೆಗಾಲ ಬಾಳುವುದಿಲ್ಲ. ಹಾಕುವುದಾದರೆ ಹಿತ್ತಾಳೆ, ಇಲ್ಲದಿದ್ದರೆ ಬೋಟಿಗೆ ಹಾಕುವ ಒಳ್ಳೆ ಸ್ಟೀಲು.

ಬೈಕಂಪಾಡಿ ರಬ್ಬರ್

ಬಲೆಯವರು ಹೇಳಿದ್ದೇ ಸರಿ. ಇನ್ನೆರಡು ಜಾಗ್ರತೆ. ಸೀಟಿನ ಬೋಲ್ಟ್ ಮಾತ್ರ ಸಡಿಲಿಸಿ ಅಡಿಗೆ ಪ್ಲೇಟ್ ಗೀಟ್ ಕೊಡಬೇಡಿ, ಅಪಘಾತದಲ್ಲಿ ಜನರನ್ನು ಹಿಡಿಯುವುದು ಅದೇ. ಸುತ್ತುವುದಷ್ಟೇ ಸಾಕು. ಸೀಟಿನಡಿ ಹಳದಿ ಕನೆಕ್ಟರ್ ಕಂಡರೆ ಅದರ ಹತ್ತಿರ ಪಟ್ಟಿ ಹೋಗಬಾರದು. ಅದು ಏರ್‌ಬ್ಯಾಗಿನದ್ದು ಅಥವಾ ಸೀಟ್‌ಬೆಲ್ಟಿನದ್ದು.

ಕೊನೆಗೆ ಪೆಡಲ್ ಪರೀಕ್ಷೆ. ಇಂಜಿನ್ ಆಫ್ ಇರಲಿ. ಮ್ಯಾಟ್ ಕಟ್ಟಿ, ಕೈಯಿಂದ ಆದಷ್ಟು ಮುಂದಕ್ಕೆ ತಳ್ಳಿ. ಆ ಸ್ಥಿತಿಯಲ್ಲೇ ಮೂರೂ ಪೆಡಲನ್ನು ಪೂರ್ತಿ ಒತ್ತಿ ಬಿಡಿ. ಎಕ್ಸಲರೇಟರ್ ತಾನಾಗಿ ಮೇಲೆ ಬರಬೇಕು. ಅದರ ಕೆಳ ತುದಿ ಮ್ಯಾಟಿನ ಅಂಚಿಗೆ ತಾಗಿದರೆ ಅಂಚನ್ನು ಕತ್ತರಿಸಿ. ಪೆಡಲಿನ ಹಿಂದೆ ಮ್ಯಾಟ್ ಯಾಕೆ ಬೇಕು, ಅಲ್ಲಿ ಯಾರೂ ಕಾಲಿಡುವುದಿಲ್ಲ. ಕೆಸರು ಬೀಳುವುದು ಹಿಮ್ಮಡಿಯ ಕೆಳಗೆ.

ಬಜಪೆ ಟ್ಯಾಕ್ಸಿ

ಎಲ್ಲ ಸರಿ. ಓಡುವಾಗಲೇ ಎಕ್ಸಲರೇಟರ್ ಸಿಕ್ಕಿಕೊಂಡರೆ ಎಂತ ಮಾಡುವುದು? ಬಗ್ಗಿ ಎಳೆಯುವುದಾ?

ಬೈಕಂಪಾಡಿ ರಬ್ಬರ್

ಬಗ್ಗಲೇಬೇಡಿ ಅಣ್ಣ. ರಸ್ತೆಯಿಂದ ಕಣ್ಣು ತೆಗೆಯಬಾರದು. ಬ್ರೇಕನ್ನು ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಬೇಡಿ. ಪೆಟ್ರೋಲ್ ಗಾಡಿಯಲ್ಲಿ ಎಕ್ಸಲರೇಟರ್ ಪೂರ್ತಿ ತೆರೆದಿರುವಾಗ ಬ್ರೇಕಿಗೆ ಸಹಾಯ ಮಾಡುವ ವ್ಯಾಕ್ಯೂಮ್ ಪುನಃ ತುಂಬುವುದಿಲ್ಲ. ಎರಡು ಮೂರು ಸಲಕ್ಕೆ ಪೆಡಲ್ ಕಲ್ಲಾಗುತ್ತದೆ. ಗೇರ್ ನ್ಯೂಟ್ರಲ್ ಮಾಡಿ. ಇಂಜಿನ್ ಬೊಬ್ಬೆ ಹೊಡೆಯುತ್ತದೆ, ಹೊಡೆಯಲಿ. ಬದಿಗೆ ನಿಲ್ಲಿಸಿ ಆಮೇಲೆ ಆಫ್ ಮಾಡಿ. ಓಡುವಾಗ ಕೀ ಪೂರ್ತಿ ತಿರುಗಿಸಿ ಎಳೆದರೆ ಸ್ಟೇರಿಂಗ್ ಲಾಕ್ ಆಗುತ್ತದೆ. ಬಟನ್ ಇರುವ ಗಾಡಿಯಲ್ಲಿ ಒಮ್ಮೆ ಒತ್ತಿದರೆ ಆಫ್ ಆಗುವುದಿಲ್ಲ. ಆ ಲೆಕ್ಸಸ್ಸಿನಲ್ಲಿ ಮೂರು ಸೆಕೆಂಡ್ ಒತ್ತಿ ಹಿಡಿಯಬೇಕಿತ್ತು. ನಿಮ್ಮದರಲ್ಲಿ ಎಷ್ಟು ಅಂತ ಪುಸ್ತಕದಲ್ಲಿ ಇವತ್ತೇ ನೋಡಿ.

ಬಜಪೆ ಟ್ಯಾಕ್ಸಿ

ನೋಡಿದೆ. ಪುಸ್ತಕ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು, ಐದು ವರ್ಷದಿಂದ.

ಕಟಪಾಡಿ ಸೀಟ್‌ಕವರ್

ಹದಿನೈದು ದಿನ ಆಯಿತು, ಹೇಳಬೇಕಲ್ಲ. ಟೀಚರ್ ಕಾರಿಗೆ ಹೊಸದು ಹಾಕಿದೆ. ಅಂಚಿನುದ್ದಕ್ಕೂ ಪಟ್ಟಿ, ಎರಡು ಕ್ಲಿಪ್, ಪೆಡಲಿನ ಹತ್ತಿರ ಅಂಚು ಕಡಿಮೆ. ಮೊದಲ ವಾರವೇ ಒಂದು ಕ್ಲಿಪ್ಪಿಗೆ ಮಲ್ಪೆ ಬೀಚಿನ ಮರಳು ಹೋಗಿ ಸಿಕ್ಕಿಕೊಂಡಿತು. ಈಗ ಪಟ್ಟಿಯನ್ನು ಗಿಡ್ಡ ಮಾಡಿ ಕ್ಲಿಪ್ಪನ್ನು ಸೀಟಿನ ಅಂಚಿನೊಳಗೆ ಎತ್ತರಕ್ಕೆ ತಂದಿದ್ದೇನೆ, ಹಿಮ್ಮಡಿ ಮರಳು ಅಲ್ಲಿಗೆ ಮುಟ್ಟುವುದಿಲ್ಲ. ತಕ್ಕಡಿಯಲ್ಲಿ ಇಪ್ಪತ್ತು ಕೆಜಿ ಎಳೆದರೂ ಒಂದು ಬೆರಳಿನಷ್ಟೂ ಮುಂದೆ ಹೋಗಲಿಲ್ಲ.

ಟೀಚರ್ ಮಗ ಆರನೇ ಕ್ಲಾಸು. ಅವನ ಕೈಗೆ ಕೊಟ್ಟು ಹಾಕು ನೋಡುವಾ ಅಂದೆ, ಹೇಗೆ ಅಂತ ಹೇಳಲಿಲ್ಲ. ಶಾಲೆ ಬ್ಯಾಗಿನದ್ದೇ ಅಲ್ವಾ ಅಂಕಲ್ ಅಂತ ಹೇಳಿ ಟಕ್ ಟಕ್ ಮಾಡಿದ.

ಕಾಣಲಿ ಅಂತ ಹಳದಿ ಪಟ್ಟಿ ಹಾಕುವ ಅಂದುಕೊಂಡಿದ್ದೇನೆ.

ಬೈಕಂಪಾಡಿ ರಬ್ಬರ್

ಹಳದಿ ಬೇಡ, ಏರ್‌ಬ್ಯಾಗಿನ ವೈರ್ ಅಂತ ಮೆಕ್ಯಾನಿಕ್‌ಗೆ ಗೊಂದಲ ಆದೀತು. ಕೇಸರಿಯೂ ಬೇಡ, ಎಲೆಕ್ಟ್ರಿಕ್ ಕಾರಿನಲ್ಲಿ ಹೈವೋಲ್ಟೇಜ್ ಕೇಬಲ್ ಆ ಬಣ್ಣದ್ದು.

ವಾಟರ್ ಸರ್ವಿಸ್ ಹುಡುಗ

ಬಿಳಿ ಹಾಕಿದರೆ ನಮ್ಮಲ್ಲಿ ಒಂದೇ ವಾಶಿಗೆ ಮಣ್ಣಿನ ಬಣ್ಣ. ಗಿಳಿ ಹಸಿರು ಹಾಕಿ ಅಣ್ಣ.

ಕಟಪಾಡಿ ಸೀಟ್‌ಕವರ್

ಗಿಳಿ ಹಸಿರು ಒಂದಿಂಚು ಅಗಲದ ಪಟ್ಟಿ ಉಡುಪಿಯಲ್ಲಿ ಎರಡು ಕಡೆ ಕೇಳಿದೆ, ಇಲ್ಲ. ಮಂಗಳೂರಲ್ಲಿ ಎಲ್ಲಾದರೂ ಸಿಗುತ್ತದಾ?

ಮಲ್ಪೆ ಬಲೆ

ಬಂದರಿನಲ್ಲಿ ಹಗ್ಗದ ಅಂಗಡಿಗಳಲ್ಲಿ ಕೇಳಿ. ನಾನು ಗುರುವಾರ ಆ ಕಡೆ ಹೋಗುತ್ತೇನೆ. ಎಷ್ಟು ಮೀಟರ್ ಬೇಕು ಹೇಳಿ, ಸಿಕ್ಕಿದರೆ ತರುತ್ತೇನೆ.